ಟಿವಿ ಕೆಳಗಿನ ಪೆಟ್ಟಿಗೆ: ನನ್ನ ಅನುಭವ

ಸಿನಿಮಾದಲ್ಲಿ ಇಬ್ಬರು ಮಾತಿಲ್ಲದೆ ಕೂತಿರುವ ದೃಶ್ಯ. ಮನೆಯ ಹಾಲ್‌ನಲ್ಲಿ ನಾವೂ ಸುಮ್ನೆ ಕೂತಿದ್ದೆವು. ಆಗ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಸಣ್ಣ ಕೀರಲು ಶಬ್ದ. "ಫ್ಯಾನ್ ಆರಿಸೋ" ಎಂದರು ಅಮ್ಮ. ಮೇಲಿನ ಫ್ಯಾನ್ ಆಗಲೇ ಆಫ್ ಆಗಿತ್ತು. ಶಬ್ದ ಬರುತ್ತಿದ್ದುದು ಟಿವಿ ಕೆಳಗೆ ನಾನು ತಂದಿಟ್ಟ ಕಂಪ್ಯೂಟರ್‌ನಿಂದ.

ಬೆಂಗಳೂರಿನ ಎಸ್.ಪಿ. ರೋಡ್‌ನ ಕಂಪ್ಯೂಟರ್ ಅಂಗಡಿಯಲ್ಲಿ ನೋಡಿದ ಕೂಡಲೇ ಇಷ್ಟವಾಗಿ ತಂದ ಕೇಸ್, ಅಂದರೆ ಕಂಪ್ಯೂಟರ್‌ನ ಹೊರಪೆಟ್ಟಿಗೆ, ಅದು. ಡಿವಿಡಿ ಪ್ಲೇಯರ್‌ನಷ್ಟೇ ತೆಳ್ಳಗೆ. ಅಷ್ಟು ತೆಳು ಪೆಟ್ಟಿಗೆಯಲ್ಲಿ ಹಿಡಿಸುವ ಪವರ್ ಸಪ್ಲೈನಲ್ಲಿ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಘಟಕ) ಇದ್ದದ್ದು 40 ಮಿ.ಮೀ. ಫ್ಯಾನ್. ಫ್ಯಾನ್ ಚಿಕ್ಕದಾದರೆ ಅಷ್ಟೇ ಗಾಳಿ ತಳ್ಳಲು ಜೋರಾಗಿ ತಿರುಗಬೇಕು, ಕೀರಲು ಬರುವುದು ಅದರಿಂದಲೇ. ಇನ್ನೊಂದು ತೊಂದರೆಯೂ ಇತ್ತು. ನಮ್ಮ ಟಿವಿ ಯೂನಿಟ್‌ನ ಖಾನೆ 36 ಸೆಂ.ಮೀ. ಆಳ, ಕೇಸ್ 33. ಸಾಕು ಅಂದುಕೊಂಡಿದ್ದೆ. ಆದರೆ ಹಿಂದೆ ಎಚ್‌ಡಿಎಂಐ ಕೇಬಲ್ ಬಾಗುವುದಕ್ಕೇ 5 ಸೆಂ.ಮೀ. ಬೇಕು. ಗಾಜಿನ ಬಾಗಿಲು ಮುಚ್ಚಲೇ ಇಲ್ಲ.

ಎರಡನೇ ಸಲ ಟೇಪ್ ಹಿಡಿದು ಶುರು ಮಾಡಿದೆ. ಬಿಸ್ಕೆಟ್ ಕಾರ್ಟನ್ ಕತ್ತರಿಸಿ, ಮನಸ್ಸಿನಲ್ಲಿದ್ದ ಕೇಸ್‌ನ ಅಳತೆಗೆ ರಟ್ಟಿನ ಪೆಟ್ಟಿಗೆ ಅಂಟಿಸಿದೆ. ಅದರ ಬೆನ್ನಿಗೆ ನಿಜವಾದ ಕೇಬಲ್‌ಗಳನ್ನೇ ಸಿಕ್ಕಿಸಿ ಎರಡು ದಿನ ಖಾನೆಯಲ್ಲಿಟ್ಟೆ. ಬಾಗಿಲು ಮುಚ್ಚಿತು, ಮೇಲೆ ನಾಲ್ಕು ಬೆರಳು ಜಾಗವೂ ಉಳಿಯಿತು. ಆಮೇಲೇ ಅಂಗಡಿಗೆ ಹೋದದ್ದು.

ಈ ಸಲ ಮಿನಿ ಐಟಿಎಕ್ಸ್ ಎಂಬ ಚಿಕ್ಕ ಅಳತೆಯ ಮದರ್‌ಬೋರ್ಡ್ ಕೂರುವ, 13 ಸೆಂ.ಮೀ. ಎತ್ತರದ ಕೇಸ್ ಆರಿಸಿದೆ. ಬೋರ್ಡ್ 17 ಸೆಂ.ಮೀ. ಚೌಕ, ಅಷ್ಟೇ. ಪವರ್ ಸಪ್ಲೈ ಎಸ್‌ಎಫ್‌ಎಕ್ಸ್ ಎಂಬ ಚಿಕ್ಕ ಅಳತೆಯದು. ಆದರೂ ಅದರಲ್ಲಿ ಮೊದಲಿನದಕ್ಕಿಂತ ದೊಡ್ಡ ಫ್ಯಾನ್ ಹಿಡಿಸುತ್ತದೆ. ಕೇಸ್‌ನ ಮೇಲ್ಭಾಗದಲ್ಲಿ 120 ಮಿ.ಮೀ. ಫ್ಯಾನ್ ಹಾಕುವ ಜಾಗವಿತ್ತು, ನಾನು ಒಪ್ಪಿದ್ದು ಮುಖ್ಯವಾಗಿ ಅದಕ್ಕೇ. ಅದನ್ನು ನಿಧಾನಕ್ಕೆ ತಿರುಗಿಸಿದರೂ ಸಾಕು. ಪ್ರೊಸೆಸರ್ ಮೇಲೆ ಅದನ್ನು ತಂಪಾಗಿಡುವ, ನಾಕ್ಟುವಾ ಕಂಪನಿಯ ಕುಳ್ಳ ಕೂಲರ್ ಕೂರಿಸಿದೆ, ಎತ್ತರ 37 ಮಿ.ಮೀ. ಕೇಸ್ ಕೊಳ್ಳುವಾಗ ಎಷ್ಟು ಎತ್ತರದ ಕೂಲರ್ ಹಿಡಿಸುತ್ತದೆ ಎಂದು ಮೊದಲು ಕೇಳಿ. ಬಣ್ಣ ಆಮೇಲೆ ನೋಡಿದರಾಯಿತು, ಅಲ್ವಾ?

ಚಿತ್ರ ಮೂಡಿಸಲು ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಲಿಲ್ಲ. ಸಿನಿಮಾ ನೋಡಲು ಪ್ರೊಸೆಸರ್‌ನಲ್ಲೇ ಇರುವ ಗ್ರಾಫಿಕ್ಸ್ ಸಾಕು.

ಗಾಳಿ ಒಳಗೆ ಬಂದರಷ್ಟೇ ಸಾಲದು, ಹೊರಗೆ ಹೋಗಬೇಕು. ಬಡಗಿಯನ್ನು ಕರೆದು ಖಾನೆಯ ಹಿಂದಿನ ಪ್ಲೈವುಡ್‌ನಲ್ಲಿ ಅಂಗೈ ಅಗಲದ ಎರಡು ತೂತು ಕೊರೆಸಿದೆ. ಹಾರ್ಡ್ ಡಿಸ್ಕ್ ಗುರುಗುಟ್ಟಿದರೆ ಮರದ ಹಲಗೆ ತಬಲಾ ಹಾಗೆ ಅದನ್ನು ಜೋರು ಮಾಡುತ್ತದೆ. ಅದಕ್ಕೆ ಕೇಸ್‌ನೊಳಗೆ ತಿರುಗುವ ಭಾಗವೇ ಇಲ್ಲದ, ಸದ್ದು ಮಾಡದ ಎಸ್‌ಎಸ್‌ಡಿ ಮಾತ್ರ ಇಟ್ಟೆ. ಫೋಟೊ, ಸಿನಿಮಾ ತುಂಬಿದ ದೊಡ್ಡ ಡಿಸ್ಕ್ ರೂಮಿನಲ್ಲಿ ರೌಟರ್ ಪಕ್ಕ ಇದೆ, ಅಲ್ಲಿಂದ ವೈಫೈ ಮೂಲಕ ಬರಬೇಕು. ಕೇಸ್ ಲೋಹದ್ದು, ವೈಫೈ ಸಿಗ್ನಲ್ ತಡೆಯುತ್ತದೆ. ಹಾಗಾಗಿ ಆಂಟೆನಾ ಹೊರಗೆ ಬಂತು.

ಮುಂಭಾಗದಲ್ಲಿ ಒಂದು ನೀಲಿ ದೀಪ ಇತ್ತು. ಲೈಟ್ ಆರಿಸಿದರೆ ಕಣ್ಣಿಗೆ ನೇರ ಚುಚ್ಚುತ್ತಿತ್ತು. ಬೋರ್ಡ್‌ನಿಂದ ಅದರ ಪುಟ್ಟ ವೈರ್ ಕಿತ್ತಿಟ್ಟೆ.

ನಮ್ಮ ರಸ್ತೆಯಲ್ಲಿ ಸದಾ ಏನಾದರೂ ಅಗೆಯುತ್ತಿರುತ್ತಾರೆ, ಧೂಳು ಜಾಸ್ತಿ. ಕೇಸ್‌ನ ಕೆಳಗಿನ ಜಾಲರಿ ಫಿಲ್ಟರ್ ಕೈಯಲ್ಲೇ ಹೊರಗೆ ಬರುತ್ತದೆ. ತಿಂಗಳಿಗೊಮ್ಮೆ ನಲ್ಲಿ ಕೆಳಗೆ ಹಿಡಿದು ತೊಳೆಯುತ್ತೇನೆ. ಬೂದು ಬಣ್ಣದ ನೀರು ಹರಿಯುತ್ತದೆ. ಬಾಲ್ಕನಿಯಲ್ಲಿ ಒಣಗಿದ ಮೇಲೆ ಮತ್ತೆ ಸಿಕ್ಕಿಸುತ್ತೇನೆ.