ಕೆಲಸ ಬಿಟ್ಟಿರಾ? ಪಿಎಫ್ ಬೇಕಾದರೆ ತೆಗೆಯಿರಿ, ಪಿಂಚಣಿ ಮುಟ್ಟಬೇಡಿ

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದು, ಪಿಎಫ್ ಹಣ ತೆಗೆಯಲು ಅಡ್ಡವಾಗಿದ್ದ ಹೊಸ ನಿಯಮವನ್ನು ಕೇಂದ್ರ ಸರ್ಕಾರ ಕೈಬಿಡುವಂತೆ ಮಾಡಿದರು. ಆ ಹಣ ಅವರದೇ, ತೆಗೆಯಲಿ. ತೊಂದರೆ ಇರುವುದು ಅದರ ಜೊತೆಗೆ ಪಿಂಚಣಿಯನ್ನೂ ಎತ್ತಿಬಿಡುವುದರಲ್ಲಿ.

ಮೊದಲು ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ನಿಮ್ಮ ಯುಎಎನ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರ್) ಹಾಕಿ ಪಾಸ್‌ಬುಕ್ ತೆರೆಯಿರಿ. ಅಲ್ಲಿ ಮೂರು ಪಾಲು ಕಾಣುತ್ತದೆ: ನಿಮ್ಮದು, ಕಂಪನಿಯದು, ಪಿಂಚಣಿಯದು. ಬೇಸಿಕ್ (ಮೂಲ ಸಂಬಳ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 12,000 ರೂಪಾಯಿ ಎಂದುಕೊಳ್ಳಿ. ನಿಮ್ಮಿಂದ 1,440 ಹೋಗುತ್ತದೆ. ಕಂಪನಿಯೂ ಅಷ್ಟೇ ಹಾಕಬೇಕು. ಆದರೆ ಅದರಲ್ಲಿ ಸುಮಾರು 1,000 ಪಿಂಚಣಿಗೆ, ಉಳಿದ 440 ಪಿಎಫ್‌ಗೆ.

ಒಟ್ಟು 10 ವರ್ಷದ ಸರ್ವಿಸ್ ಇದ್ದರೆ 58ಕ್ಕೆ ತಿಂಗಳ ಪಿಂಚಣಿ. ಒಂದೇ ಫ್ಯಾಕ್ಟರಿಯಲ್ಲಿ 10 ವರ್ಷ ಇರಬೇಕಿಲ್ಲ. ಮದುವೆಗೆ ಮುಂಚಿನ 4 ವರ್ಷ, ಮಗು ಶಾಲೆಗೆ ಸೇರಿದ ಮೇಲಿನ 6 ವರ್ಷ ಕೂಡಿಸಿದರೂ ಆಯಿತು. ಆದರೆ ಆ ಮೊದಲ 4 ವರ್ಷದ ಪಿಂಚಣಿ ಹಣವನ್ನು ಎತ್ತಿಕೊಂಡಿದ್ದರೆ? ಲೆಕ್ಕ ಮತ್ತೆ ಸೊನ್ನೆಯಿಂದ ಶುರು.

ಎಡವಟ್ಟಾಗುವುದು ಸಾಮಾನ್ಯವಾಗಿ ಸೈಬರ್ ಸೆಂಟರ್‌ನಲ್ಲಿ. ಪಿಎಫ್‌ಗೆ ಇರುವುದು ಫಾರಂ 19. ಪಿಂಚಣಿಗೆ 10ಸಿ. 'ಎಲ್ಲಾ ತೆಗೆದುಕೊಡಿ' ಅಂದರೆ ಅವರು ಸುಮ್ನೆ ಎರಡನ್ನೂ ಒತ್ತುತ್ತಾರೆ. ನೀವು 19 ಮಾತ್ರ ಸಾಕು ಎನ್ನಿ. 10ಸಿ ಕೊಡುವುದಾದರೆ ಅದರಲ್ಲಿ ಹಣದ ಬದಲು 'ಸ್ಕೀಮ್ ಸರ್ಟಿಫಿಕೇಟ್' ಕೇಳಿ. ನಿಮ್ಮ ಸರ್ವಿಸ್ ಎಷ್ಟು ಎಂಬುದಕ್ಕೆ ಅದೇ ಪತ್ರ, ಜೋಪಾನ ಮಾಡಿ. ಕೆಲಸದಲ್ಲಿದ್ದಾಗಲೇ ಮದುವೆಗೋ ಆಸ್ಪತ್ರೆಗೋ ದುಡ್ಡು ಬೇಕಾದರೆ ಫಾರಂ 31 ಇದೆ. ಅದು ಪಿಂಚಣಿಯನ್ನು ಮುಟ್ಟುವುದಿಲ್ಲ.

ಮತ್ತೆ ಕೆಲಸಕ್ಕೆ ಸೇರುವಾಗ ಹಳೆಯ ಯುಎಎನ್ ಅನ್ನೇ ಕೊಡಿ. ಹೊಸದು ಮಾಡಿಸಿಕೊಂಡರೆ ಹಳೆಯ ವರ್ಷಗಳನ್ನು ಸೇರಿಸಲು ಅಲೆದಾಟ ಜಾಸ್ತಿ.

ಹೆಸರಿನ ವಿಷಯಕ್ಕೂ ಗಮನ ಕೊಡಿ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು ಸೇರಿರುತ್ತದೆ, ಪಿಎಫ್‌ನಲ್ಲಿ ತಂದೆಯ ಇನಿಷಿಯಲ್ ಹಾಗೇ ಇರುತ್ತದೆ. ಕೆಲಸದಲ್ಲಿರುವಾಗಲೇ ಕಂಪನಿಯ ಮೂಲಕ ತಿದ್ದಿಸಿ. ನಾಮಿನಿ ಹೆಸರನ್ನೂ ಆಗಲೇ ನೋಡಿಕೊಳ್ಳಿ.

ಇಷ್ಟೆಲ್ಲಾ ಮಾಡಿದರೆ ಸಿಗುವುದೆಷ್ಟು? ಕೊನೆಯ 5 ವರ್ಷದ ಸರಾಸರಿ ಸಂಬಳವನ್ನು ಸರ್ವಿಸ್ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಿ. 12,000ಕ್ಕೆ 10 ವರ್ಷವಾದರೆ 1,714 ರೂಪಾಯಿ. 15 ವರ್ಷವಾದರೆ 2,571. ಕಡಿಮೆಯೇ, ಒಪ್ಪೋಣ. 2014ರಲ್ಲಿ ಕನಿಷ್ಠ ಪಿಂಚಣಿ ಎಂದು ಸರ್ಕಾರ ಗೊತ್ತುಮಾಡಿದ 1,000 ರೂಪಾಯಿಯಂತೂ ಇವತ್ತು ಗ್ಯಾಸ್ ಸಿಲಿಂಡರಿಗೇ ಸರಿಹೋಗುತ್ತದೆ. ಆದರೂ ಇದು ಬದುಕಿರುವಷ್ಟು ದಿನ ಬರುವ ಹಣ. ಬೇಸಿಕ್ ಕಡಿಮೆ ತೋರಿಸಿ ಭತ್ಯೆ ಜಾಸ್ತಿ ಕೊಡುವ ಕಂಪನಿಯಾದರೆ ಈ ಮೊತ್ತವೂ ಇಳಿಯುತ್ತದೆ. ಅದಕ್ಕೇ ಸಂಬಳದ ಚೀಟಿಯಲ್ಲಿ ಬೇಸಿಕ್, ಡಿಎ ಎಷ್ಟಿದೆ ಎಂದು ಮೊದಲು ನೋಡಿ.

58 ತುಂಬಿದಾಗ ಫಾರಂ 10ಡಿ ಹಾಕಬೇಕು. 50 ದಾಟಿದ ಮೇಲೆ ಬೇಗನೆ ಕೇಳಬಹುದು, ಆದರೆ 58ಕ್ಕೆ ಎಷ್ಟು ವರ್ಷ ಬಾಕಿಯೋ ಅಷ್ಟಕ್ಕೂ ವರ್ಷಕ್ಕೆ ಶೇ 4ರಂತೆ ಕಡಿತವಾಗುತ್ತದೆ.