ಕಲೋನ್‌ಗೆ ಹೊಸದಾಗಿ ಬಂದವರಿಗೆ: ಡೋಮ್ ಅನ್ನು ಹಿಂಬದಿಯಿಂದ ನೋಡಿ

ಕೆಲಸಕ್ಕೋ ಓದಿಗೋ ಜರ್ಮನಿಯ ಕಲೋನ್‌ಗೆ ಬಂದಿಳಿಯುವ ನಮ್ಮವರು ಸಾಮಾನ್ಯವಾಗಿ ಮುಖ್ಯ ರೈಲು ನಿಲ್ದಾಣದಿಂದ ಹೊರಬಂದು, ಕತ್ತೆತ್ತಿ, 157 ಮೀಟರ್ ಎತ್ತರದ ಜೋಡಿ ಗೋಪುರಗಳ ಫೋಟೊ ತೆಗೆದು, ಡೋಮ್, ಎಂದರೆ ಇಲ್ಲಿನ ಕೆಥೆಡ್ರಲ್, ನೋಡಿಯಾಯಿತೆಂದು ಮುಂದೆ ಸಾಗುತ್ತಾರೆ. ನಾನೂ ಮೊದಲು ಹಾಗೆಯೇ ಮಾಡಿದ್ದೆ. ಇಲ್ಲಿ ನೆಲೆ ನಿಂತ ಮೇಲೆ ಹೊಸಬರಿಗೆ ನಾನು ಹೇಳುವುದು ಇಷ್ಟು: ಆ ಗೋಪುರಗಳನ್ನು ಸದ್ಯಕ್ಕೆ ಬಿಟ್ಟು, ಕಟ್ಟಡವನ್ನು ಬಳಸಿಕೊಂಡು ಪೂರ್ವದ ತುದಿಗೆ ಹೋಗಿ. ಈ ಕೆಥೆಡ್ರಲ್ ಹುಟ್ಟಿದ್ದು ಅಲ್ಲಿ. ನೀವು ಫೋಟೊ ತೆಗೆದ ಗೋಪುರಗಳು ಬಹುಪಾಲು 19ನೆಯ ಶತಮಾನದವು.

ಆರ್ಚ್‌ಬಿಷಪ್ ರೈನಾಲ್ಡ್ ಫಾನ್ ಡಾಸೆಲ್ 1164ರಲ್ಲಿ ಮಿಲಾನ್‌ನಿಂದ, ಶಿಶು ಯೇಸುವನ್ನು ಕಾಣಲು ಬಂದ ಮೂವರು ಜ್ಞಾನಿಗಳದೆಂದು ನಂಬಲಾದ ಅಸ್ಥಿಗಳನ್ನು ತಂದ ಮೇಲೆ ಯಾತ್ರಿಕರು ದಂಡು ದಂಡಾಗಿ ಬರತೊಡಗಿದರು. 1248ರ ಆಗಸ್ಟ್ 15ರಂದು ಹೊಸ ಕಟ್ಟಡಕ್ಕೆ ಅಡಿಗಲ್ಲು ಬಿತ್ತು. ಮೊದಲ ಸ್ಥಪತಿ ಗೆರ್ಹಾರ್ಡ್. ಪೂರ್ವಭಾಗದ ಪ್ರತಿಷ್ಠೆ 1322ರಲ್ಲಿ ನಡೆಯಿತು. ಆದರೆ 16ನೆಯ ಶತಮಾನದಲ್ಲಿ ಕೆಲಸ ನಿಂತೇ ಹೋಗಿ, ಮೊಟಕಾಗಿ ಉಳಿದ ದಕ್ಷಿಣ ಗೋಪುರದ ನೆತ್ತಿಯ ಮೇಲೆ ಕಲ್ಲೆತ್ತುವ ಮರದ ಕ್ರೇನೊಂದು ಶತಮಾನಗಳ ಕಾಲ ಹಾಗೆಯೇ ನಿಂತು, ಊರಿನ ಗುರುತೇ ಆಗಿಬಿಟ್ಟಿತು. ಮಧ್ಯಯುಗದಲ್ಲಿ ಚರ್ಮದ ಹಾಳೆಯ ಮೇಲೆ ಬರೆದಿದ್ದ ಮುಂಭಾಗದ ನಕ್ಷೆಯ ಒಂದರ್ಧ 1814ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿಯೂ ಇನ್ನರ್ಧ ಬಳಿಕ ಪ್ಯಾರಿಸ್‌ನಲ್ಲಿಯೂ ಸಿಕ್ಕಿದವು. 1842ರಲ್ಲಿ ಮತ್ತೆ ಕೈಗೆತ್ತಿಕೊಂಡ ಕೆಲಸ ಆ ನಕ್ಷೆಯನ್ನೇ ಅನುಸರಿಸಿ 1880ರಲ್ಲಿ ಮುಗಿಯಿತು.

ಒಳಗೆ ಹೋದಾಗ ಅವಸರ ಬೇಡ. ಉತ್ತರದ ಬದಿಯಲ್ಲಿರುವ ಗೇರೊ ಶಿಲುಬೆ 10ನೆಯ ಶತಮಾನದ್ದು, ಎಂದರೆ ಈ ಕಟ್ಟಡಕ್ಕಿಂತಲೂ ಹಳೆಯದು. ಓಕ್ ಮರದಲ್ಲಿ ಆಳೆತ್ತರಕ್ಕೆ ಕೆತ್ತಿದ ಈ ಕ್ರಿಸ್ತನ ಕಣ್ಣು ಮುಚ್ಚಿದೆ, ತಲೆ ಎದೆಯ ಕಡೆಗೆ ವಾಲಿದೆ, ಮೈಭಾರಕ್ಕೆ ತೋಳುಗಳು ಜಗ್ಗಿ ಹೊಟ್ಟೆ ಮುಂದೆ ಉಬ್ಬಿದೆ. ಇಲ್ಲಿರುವುದು ಜಯಶಾಲಿಯಲ್ಲ, ಸತ್ತ ಮನುಷ್ಯ. ಇಡೀ ಡೋಮ್‌ನಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸುವುದು ಇದೇ. ಮುಖ್ಯ ಬಲಿಪೀಠದ ಹಿಂದಿರುವ, ವೆರ್ಡನ್ನಿನ ನಿಕೊಲಾಸ್ ಮತ್ತು ಅವನ ನಂತರದ ಕುಶಲಕರ್ಮಿಗಳು ಆ ಮೂವರು ಜ್ಞಾನಿಗಳ ಅಸ್ಥಿಗಳಿಗಾಗಿ ಮಾಡಿದ ಚಿನ್ನದ ಪೆಟ್ಟಿಗೆಯಲ್ಲಿ ಕೆಳಸಾಲಿನ ಪ್ರವಾದಿಗಳ ಮುಖಗಳನ್ನು ಒಂದೊಂದಾಗಿ ಗಮನಿಸಿ, ಒಂದರಂತೆ ಇನ್ನೊಂದಿಲ್ಲ. ದಕ್ಷಿಣ ಬದಿಯಲ್ಲಿ ಸ್ಟೆಫಾನ್ ಲೋಖ್ನರ್ ಬರೆದ, ನಗರದ ರಕ್ಷಕ ಸಂತರ ಚಿತ್ರಫಲಕವಿದೆ.

ಪೂಜೆಯ ವೇಳೆಯಲ್ಲಿ ಒಳಗೆ ಅಡ್ಡಾಡಲು ಬಿಡುವುದಿಲ್ಲವಾದ್ದರಿಂದ ಸಮಯ ವಿಚಾರಿಸಿಕೊಂಡು ಹೊರಡಿ. ಗಂಡಸರು ಟೋಪಿ ತೆಗೆಯಬೇಕು. ಗೋಪುರ ಹತ್ತಲು 533 ಮೆಟ್ಟಿಲು, ಲಿಫ್ಟ್ ಇಲ್ಲ. ಮಂಡಿನೋವಿನ ಹಿರಿಯರನ್ನು ಕರೆತಂದಿದ್ದರೆ ಅದರ ಗೊಡವೆ ಬೇಡ.

ಬಿಸಿಲಿರುವ ಮಧ್ಯಾಹ್ನವನ್ನು ಶಿಲುಬೆಯಾಕಾರದ ಈ ಕಟ್ಟಡದ ದಕ್ಷಿಣದ ಅಡ್ಡತೋಳಿನ ಕಿಟಕಿಗಾಗಿ ಇಟ್ಟುಕೊಳ್ಳಿ. ಅಲ್ಲಿದ್ದ ಹಳೆಯ ಗಾಜು ಎರಡನೆಯ ಮಹಾಯುದ್ಧದಲ್ಲಿ ನಾಶವಾಗಿತ್ತು. 2007ರಲ್ಲಿ ಜರ್ಮನ್ ಕಲಾವಿದ ಗೆರ್ಹಾರ್ಡ್ ರಿಕ್ಟರ್ 72 ಬಣ್ಣಗಳ ಸುಮಾರು 11,000 ಚೌಕಗಳನ್ನು ಬಹುಮಟ್ಟಿಗೆ ಕಂಪ್ಯೂಟರಿನ ಯಾದೃಚ್ಛಿಕ ಆಯ್ಕೆಯಂತೆ ಜೋಡಿಸಿದರು. ಸಂತರಿಲ್ಲ, ಕಥೆಯಿಲ್ಲ, ಆಗಿನ ಆರ್ಚ್‌ಬಿಷಪ್‌ಗೆ ಅದು ಹಿಡಿಸಲೂ ಇಲ್ಲ. ಕಿಟಕಿಗೆ ಬೆನ್ನು ಮಾಡಿ ನಿಂತು, ಬೂದುಬಣ್ಣದ ಕಂಬದ ಮೇಲೆ ಬಿದ್ದ ಹಸಿರು, ಕೆಂಪು, ನೀಲಿ ಚುಕ್ಕೆಗಳು ಮೋಡ ಸರಿದಂತೆ ಮಾಸಿ ಮತ್ತೆ ಮೂಡುವುದನ್ನು ನೋಡಿ.