ಕಣ್ಣಳತೆ ಕೈಕೊಟ್ಟಾಗ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಬಟ್ಟೆ ಕತ್ತರಿಸುವುದು ನನ್ನ ಕಸುಬು. ಕಾಲು ಇಂಚು ಹೆಚ್ಚುಕಡಿಮೆಯಾದರೂ ದೂರದಿಂದಲೇ ಹೇಳಬಲ್ಲೆ ಎಂಬ ಜಂಬವಿತ್ತು. ದೂರದರ್ಶಕ ಕೊಂಡ ಮೇಲೆ ಅದು ಇಳಿಯಿತು. 130 ಮಿ.ಮೀ. ಕನ್ನಡಿ, 650 ಮಿ.ಮೀ. ಸಂಗಮದೂರದ (ಕನ್ನಡಿಯಿಂದ ಬೆಳಕು ಒಂದೆಡೆ ಕೂಡುವ ಜಾಗದವರೆಗಿನ ದೂರ) ನ್ಯೂಟನ್ ಮಾದರಿಯದು. ಮಾಳಿಗೆಯ ಮೇಲಿಟ್ಟು ಲುಬ್ಧಕ ನಕ್ಷತ್ರಕ್ಕೆ ಗುರಿ ಹಿಡಿದರೆ ಫೋಕಸ್ ಕೂತಿದೆಯೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ. ಇಲ್ಲಿನ ಬಂಡೆಗುಡ್ಡವೂ ಮಾಳಿಗೆಯೂ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಕಾರುತ್ತವೆ. ಆ ಗಾಳಿಯಲ್ಲಿ ನಕ್ಷತ್ರ ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತದೆ. ಫೋಕಸ್ ಗುಂಡಿ ತಿರುಗಿಸಿದಷ್ಟೂ ಅನುಮಾನ ಹೆಚ್ಚುತ್ತಿತ್ತು.

ಇದಕ್ಕೆ ಮದ್ದು ರಷ್ಯಾದ ಹವ್ಯಾಸಿ ಖಗೋಳವೀಕ್ಷಕ ಪಾವೆಲ್ ಬಾಹ್ತಿನೋವ್ 2005ರಲ್ಲಿ ರೂಪಿಸಿದ ಮಾಸ್ಕ್. ಕೊಳವೆಯ ಬಾಯಿಗೆ ಹಾಕುವ ಸೀಳುಬಿಲ್ಲೆ, ಅಷ್ಟೇ. ಅರ್ಧ ಭಾಗದಲ್ಲಿ ನೇರ ಸೀಳುಗಳು. ಉಳಿದರ್ಧದ ಒಂದು ಪಾಲಿನಲ್ಲಿ 20 ಡಿಗ್ರಿ ಎಡಕ್ಕೆ, ಇನ್ನೊಂದರಲ್ಲಿ ಅಷ್ಟೇ ಬಲಕ್ಕೆ ವಾಲಿದವು. ಬೆಳಕು ಸೀಳುಗಳಲ್ಲಿ ಬಾಗಿ, ಅವುಗಳಿಗೆ ಅಡ್ಡಲಾಗಿ ಗೆರೆಯಾಗುತ್ತದೆ. ಎರಡು ಗೆರೆ ಸೇರಿ ಗುಣಾಕಾರದ ಗುರುತು, ಮೂರನೆಯದು ಅದರ ನಡುವೆ. ಫೋಕಸ್ ತಪ್ಪಿದರೆ ನಡುವಿನ ಗೆರೆ ಪಕ್ಕಕ್ಕೆ ಸರಿಯುತ್ತದೆ. ನಕ್ಷತ್ರ ಎಷ್ಟೇ ಕುಣಿಯಲಿ, ಗೆರೆ ಸುಳ್ಳು ಹೇಳುವುದಿಲ್ಲ.

ಮೊದಲು ಹಳೆಯ ಲಗ್ನಪತ್ರಿಕೆಯಲ್ಲಿ ಮಾಡಹೊರಟೆ. ಸಂಗಮದೂರವನ್ನು 150ರಿಂದ ಭಾಗಿಸಿದರೆ ಒಂದು ಸೀಳು, ಒಂದು ಪಟ್ಟಿ ಸೇರಿದ ಅಳತೆ ಸಿಗುತ್ತದೆ. ನನಗೆ ಬಂದದ್ದು 4.3 ಮಿ.ಮೀ. ಹನ್ನೊಂದನೆಯ ಪಟ್ಟಿಗೆ ಬ್ಲೇಡ್ ಜಾರಿತು, ಕತ್ತರಿಸಿದ್ದ ಪಟ್ಟಿಗಳೂ ಶಾವಿಗೆಯಂತೆ ಸುರುಳಿಯಾದವು.

ಆಗ ಹೊಳೆದದ್ದು ಪ್ಯಾಂಟಿನ ಪ್ಯಾಟರ್ನಿಗೆ ಬಳಸುವ ದಪ್ಪ ರಟ್ಟು. ಇಷ್ಟು ದಿನ ಅದು ಕಣ್ಣೆದುರೇ ಇತ್ತು! ಕೊಳವೆಯ ಮುಚ್ಚಳವನ್ನೇ ಇಟ್ಟು ವೃತ್ತ ಎಳೆದೆ. ಸೀಳು 3, ಪಟ್ಟಿ 3 ಮಿ.ಮೀ. ಎಂದು ದೊಡ್ಡದು ಮಾಡಿಕೊಂಡೆ. ಗೆರೆಗಳು ತುಸು ಗಿಡ್ಡವಾಗುತ್ತವೆ, ಕೆಲಸಕ್ಕೇನೂ ಅಡ್ಡಿಯಿಲ್ಲ. ಒಂದೇ ಏಟಿಗೆ ಕತ್ತರಿಸಬಾರದು. ಸ್ಟೀಲ್ ಪಟ್ಟಿ ಒತ್ತಿಹಿಡಿದು ನಾಲ್ಕೈದು ಸಲ ಹಗುರವಾಗಿ ಬ್ಲೇಡ್ ಎಳೆಯಬೇಕು. ಉದ್ದದ ಗೆರೆಗಳನ್ನೆಲ್ಲ ಮೊದಲು ಮುಗಿಸಿ, ಗಿಡ್ಡ ತುದಿಗಳನ್ನು ಕೊನೆಗೆ ಬಿಡಿಸಿದರೆ ಅಲ್ಲಿಯವರೆಗೆ ರಟ್ಟು ಬಿಗಿಯಾಗಿರುತ್ತದೆ. ಸೀಳಿನ ಅಗಲ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಚಿಂತೆ ಬೇಡ, ಓರೆಯಾದರೆ ಗೆರೆ ಮಸುಕಾಗುತ್ತದೆ. ಎರಡು ರಾತ್ರಿ ಹಿಡಿಯಿತು.

ಮೊದಲ ಸಲ ನೋಡಿದಾಗ ಗೆರೆಗಳು ಮೂರಲ್ಲ, ಜಾತ್ರೆಯಷ್ಟಿದ್ದವು. ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಒಳಗಿನ ಚಿಕ್ಕ ಕನ್ನಡಿಯನ್ನು ಹಿಡಿದಿರುವ ನಾಲ್ಕು ತಗಡುಗಳೂ ತಮ್ಮದೊಂದು ಶಿಲುಬೆಯಾಕಾರದ ಬೆಳಕು ಚೆಲ್ಲುತ್ತವೆ. ಮಾಸ್ಕನ್ನು ಸ್ವಲ್ಪ ತಿರುಗಿಸಿದೆ, ಗೆರೆಗಳು ಬೇರೆಬೇರೆಯಾದವು. ಗುಂಡಿಯನ್ನು ಬೆರಳ ತುದಿಯಲ್ಲಿ ತಿರುವುತ್ತ ಹೋದಂತೆ ನಡುವಿನ ಗೆರೆ ಮೆಲ್ಲಗೆ ಸರಿದು ಬಂದು ನಟ್ಟನಡುವೆ ನಿಂತಿತು. ಕೊಳವೆ ತಣ್ಣಗಾದಂತೆ ಫೋಕಸ್ ಮತ್ತೆ ಜಾರುವುದರಿಂದ, ತಾಸು ಬಿಟ್ಟು ಇನ್ನೊಮ್ಮೆ ನೋಡುತ್ತೇನೆ.

ಅದೇ ಖುಷಿಯಲ್ಲಿ ಒರಾಯನ್ ನೀಹಾರಿಕೆಯ ಕಡೆ ತಿರುಗಿಸಿ ಮೊಬೈಲಿನಲ್ಲಿ ನಲವತ್ತು ಚಿತ್ರ ತೆಗೆದೆ. ಬೆಳಿಗ್ಗೆ ಮಗಳು ನೋಡಿ, “ಅಪ್ಪಾ, ಎಲ್ಲ ನಕ್ಷತ್ರಕ್ಕೂ ಮೀಸೆ ಯಾಕೆ?” ಎಂದಳು. ಮಾಸ್ಕ್ ತೆಗೆಯುವುದನ್ನೇ ಮರೆತಿದ್ದೆ. ಈಗ ಅದಕ್ಕೆ ಒಂದು ಮೊಳ ಜೀನ್ಸ್ ಪಟ್ಟಿ ಹೊಲಿದಿದ್ದೇನೆ; ಮಾಸ್ಕ್ ಹಾಕಿದ್ದಷ್ಟು ಹೊತ್ತೂ ಅದು ಮುಖದ ಮುಂದೆಯೇ ಜೋತಾಡುತ್ತದೆ.